ಪಡ್ಡಿನ ಹೊಟ್ಟೆಯೊಳಗೊಂದು ಗುಟ್ಟು

ಹುಟ್ಟಿದ ಹಬ್ಬ ಹತ್ತಿರ ಬಂತೆಂದರೆ ಮಕ್ಕಳು ದಿನ ಎಣಿಸುತ್ತಾರೆ. ನಮ್ಮ ವಠಾರದ ಕೊನೆಯ ಮನೆಯ ಹುಡುಗಿ ಮಾತ್ರ ಈ ಸಲ ಆ ಮಾತನ್ನೇ ಎತ್ತುತ್ತಿರಲಿಲ್ಲ. ಆರನೇ ತರಗತಿಯ ಮಗು. ಸಂಜೆ ಶಾಲೆಯಿಂದ ಬಂದವಳು ನೇರವಾಗಿ ನಮ್ಮ ಮನೆಯ ಮೆಟ್ಟಿಲ ಮೇಲೆ ಕುಳಿತು ಹೋಂವರ್ಕ್ ಮಾಡುವುದು ವಾಡಿಕೆ. ಅವಳ ಅಮ್ಮ ಗಾರ್ಮೆಂಟ್ಸ್ ಕೆಲಸ ಮುಗಿಸಿ ಮನೆ ಸೇರುವಾಗ ಏಳು ಗಂಟೆ. ವಠಾರದ ಉಳಿದ ಮಕ್ಕಳೆಲ್ಲ ನನ್ನನ್ನು ಆಂಟಿ ಎಂದರೆ ಇವಳೊಬ್ಬಳು ಅಜ್ಜಿ ಎನ್ನುತ್ತಾಳೆ. ವಯಸ್ಸಿನ ಲೆಕ್ಕದಲ್ಲಿ ಇವಳೇ ಸರಿ, ಬಿಡಿ.

"ಬರೋ ಶನಿವಾರ ಅಲ್ವೇನೆ ನಿನ್ನ ಬರ್ತ್‌ಡೇ?" ಎಂದೆ.

"ಈ ಸಲ ಮಾಡಲ್ಲ ಅಜ್ಜಿ. ನಾವು ಊರಿಗೆ ಹೋಗ್ತೀವಿ ಅಂತ ಕ್ಲಾಸಲ್ಲಿ ಎಲ್ಲರಿಗೂ ಹೇಳಿಬಿಟ್ಟಿದ್ದೀನಿ."

ಊರಿಗೆ ಹೋಗುವ ಸುದ್ದಿ ಸುಳ್ಳೆಂದು ನನಗೆ ಗೊತ್ತು. ರಾತ್ರಿ ಅವಳ ಅಮ್ಮ ಬಂದಾಗ ವಿಷಯ ಹೊರಬಿತ್ತು. ಹದಿನೈದು ಮಕ್ಕಳಿಗೆ ಕೇಕು, ಪಫ್ಸು, ಚಿಪ್ಸು, ಜ್ಯೂಸು ಎಂದು ಬೇಕರಿಯಲ್ಲಿ ವಿಚಾರಿಸಿದ್ದರಂತೆ. ಎರಡೂವರೆ ಸಾವಿರದ ಹತ್ತಿರ ಹೇಳಿದರಂತೆ. "ಮನೇಲೇ ಏನಾದ್ರೂ ಮಾಡ್ತೀನಿ ಅಂದ್ರೆ ಬೇಡ ಅಂತಾಳೆ ಅಕ್ಕಾ. ಉಪ್ಪಿಟ್ಟು ಕೊಟ್ರೆ ಎಲ್ಲರೂ ನಗ್ತಾರಂತೆ" ಎಂದು ಆಕೆ ಕಣ್ಣು ಒರೆಸಿಕೊಂಡರು.

ನಗುತ್ತಾರೆ, ಅದೇನೂ ಸುಳ್ಳಲ್ಲ. ಮಕ್ಕಳ ನಗು ಎಷ್ಟು ಚೆಂದವೋ ಅಷ್ಟೇ ನಿರ್ದಯ. ಮನೆ ತಿಂಡಿಯೇ ಒಳ್ಳೆಯದು, ಬೇಕರಿ ತಿಂಡಿ ಕೆಟ್ಟದ್ದು ಎಂದು ಹನ್ನೊಂದು ವರ್ಷದ ಮಗುವಿಗೆ ಉಪದೇಶ ಮಾಡಿ ಉಪಯೋಗವಿಲ್ಲ. ಮಕ್ಕಳು ಪಫ್ಸಿಗೆ ಮರುಳಾಗುವುದು ರುಚಿಗಿಂತ ಹೆಚ್ಚಾಗಿ ಅದು ದಿನಾ ಸಿಗುವುದಿಲ್ಲ ಎಂಬುದಕ್ಕೆ. ಹಾಗಿದ್ದರೆ ದಿನಾ ಸಿಗುವ ತಿಂಡಿಯನ್ನೇ ದಿನಾ ಸಿಗದ ಹಾಗೆ ಮಾಡಬಹುದಲ್ಲ?

ಇದು ನನ್ನ ತಲೆಯಿಂದ ಬಂದ ಹೊಸ ವಿದ್ಯೆಯೇನಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ತತ್ವಾರವಾದಾಗ ಬೆಂಗಳೂರಿನ ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಮಾಡಿ ನೋಡಿದರೆಂದೂ ರವೆ ಇಡ್ಲಿ ಹುಟ್ಟಿದ್ದು ಹಾಗೆಂದೂ ಹೇಳುತ್ತಾರೆ. ಮದ್ದೂರು ವಡೆಗೂ ಅಂಥದೇ ಕಥೆಯಿದೆ. 1917ರಲ್ಲಿ ಮದ್ದೂರು ನಿಲ್ದಾಣದಲ್ಲಿ ರೈಲು ಬರುವ ಹೊತ್ತಾಗಿಬಿಟ್ಟಿತಂತೆ, ಪಕೋಡ ಬೇಯಿಸುತ್ತ ಕೂರಲು ಪುರಸೊತ್ತಿಲ್ಲದೆ ಹಿಟ್ಟನ್ನು ಅಗಲವಾಗಿ ತಟ್ಟಿ ಎಣ್ಣೆಗೆ ಬಿಟ್ಟರಂತೆ. ಒಂದು ಕಡೆ ಅಕ್ಕಿಯಿಲ್ಲ, ಇನ್ನೊಂದು ಕಡೆ ಸಮಯವಿಲ್ಲ. ನಮ್ಮಲ್ಲಿ ದುಡ್ಡಿರಲಿಲ್ಲ.

ನನಗೆ ಹೊಳೆದದ್ದು ಪಡ್ಡು. ನಾನು ಚಿತ್ರದುರ್ಗದ ಕಡೆಯವಳು, ನಮಗೆ ಅದು ಪಡ್ಡು. ಬೆಂಗಳೂರಿನ ಹಳಬರಿಗೆ ಗುಂಡುಪೊಂಗಲು. ಉತ್ತರ ಕರ್ನಾಟಕದ ಕಡೆ ಗುಂತಪಂಗಳ. ಮಹಡಿ ಮನೆಯವರು ಮಂಗಳೂರಿನ ಕಡೆಯವರು, ಅವರಿಗದು ಗುಳಿಯಪ್ಪ, ಅದನ್ನು ಬೇಯಿಸುವುದು ಹಂಚಿನಲ್ಲಲ್ಲ, ಕಾವಲಿಯಲ್ಲಿ. ಪಕ್ಕದ ಮನೆಯ ತಮಿಳಿನವರು ಪಣಿಯಾರಂ ಎನ್ನುತ್ತಾರೆ. ನಮ್ಮ ಒಂದೇ ವಠಾರದಲ್ಲಿ ಇದಕ್ಕೆ ಇಷ್ಟು ಹೆಸರು! ಇನ್ನೂ ತಮಾಷೆಯೆಂದರೆ ಗುಳಿಯಿರುವ ಹಂಚು ನಮ್ಮ ಸೀಮೆಗೆ ಮಾತ್ರ ಸೇರಿದ್ದಲ್ಲ. ಡೆನ್ಮಾರ್ಕಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಇಂಥದೇ ಹಂಚಿನಲ್ಲಿ ಎಬ್ಲೆಸ್ಕೀವರ್ ಎಂಬ ಸಿಹಿ ಉಂಡೆ ಮಾಡುತ್ತಾರೆ. ಜಪಾನಿನ ಒಸಾಕದಲ್ಲಿ 1930ರ ದಶಕದಲ್ಲಿ ಶುರುವಾದ ತಾಕೋಯಾಕಿ ನೋಡಲು ಥೇಟ್ ನಮ್ಮ ಪಡ್ಡೇ, ಆದರೆ ಒಳಗೆ ಆಕ್ಟೋಪಸ್ಸಿನ ಚೂರು!

ಹುಡುಗಿಗೆ ಇದನ್ನು ಹೇಳಿದಾಗ ಮೊದಲು ಮುಖ ಸಿಂಡರಿಸಿದಳು. ಆಮೇಲೆ ಕಣ್ಣು ಅಗಲವಾಯಿತು. "ನಮ್ಮ ಪಡ್ಡಿನೊಳಗೂ ಏನಾದ್ರೂ ಬಚ್ಚಿಡಬಹುದಾ ಅಜ್ಜಿ?"

ಅಲ್ಲಿಗೆ ಕೆಲಸವಾಯಿತು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರದ ಪಡ್ಡು. ಕಚ್ಚಿದರೆ ಒಂದರಲ್ಲಿ ಆಲೂಗಡ್ಡೆ ಪಲ್ಯ, ಒಂದರಲ್ಲಿ ಕ್ಯಾರೆಟ್, ಇನ್ನೊಂದರಲ್ಲಿ ಕಾಯಿ-ಬೆಲ್ಲದ ಹೂರಣ. ಏನು ಸಿಗುತ್ತದೆಂದು ಮೊದಲೇ ಊಹಿಸಿ ಹೇಳಬೇಕು. ಹೆಸರು ಅವಳೇ ಇಟ್ಟಳು: ಗುಟ್ಟಿನ ಪಡ್ಡು.

ಹಳೆಯ ನೋಟ್‌ಬುಕ್ಕಿನ ರಟ್ಟು ಕತ್ತರಿಸಿ ಹದಿನೈದು ಆಹ್ವಾನ ಪತ್ರಿಕೆ ತಯಾರಾಯಿತು. ಅದರಲ್ಲೊಂದು ಸಾಲು ಬರೆಯಲೇಬೇಕೆಂದು ನಾನು ಹಟ ಹಿಡಿದೆ: "ನಿನಗೆ ಯಾವ ತಿಂಡಿ ಆಗುವುದಿಲ್ಲ? ಅಮ್ಮನನ್ನು ಕೇಳಿಕೊಂಡು ಬಂದು ಹೇಳು." ಇದೆಲ್ಲ ಯಾಕೆ ಅಜ್ಜಿ, ನಾಚಿಕೆಯಾಗುತ್ತೆ ಎಂದಳು. ಯಾಕೆಂದು ನಿಮಗೂ ಹೇಳುತ್ತೇನೆ.

ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ನನ್ನ ಮಗನ ಒಂಬತ್ತನೇ ಹುಟ್ಟಿದ ಹಬ್ಬ. ಮಕ್ಕಳಿಗೆ ಇಷ್ಟವೆಂದು ಇಡ್ಲಿಯ ಜೊತೆ ಕಡಲೆಕಾಯಿ ಚಟ್ನಿ ಅರೆದಿದ್ದೆ. ಅವನ ಸ್ನೇಹಿತನೊಬ್ಬ ಎರಡು ತುತ್ತು ತಿಂದಿದ್ದನೋ ಇಲ್ಲವೋ, ತುಟಿ ಊದಿಕೊಂಡಿತು. ಕತ್ತಿನ ಮೇಲೆಲ್ಲ ದದ್ದು. ಸ್ವಲ್ಪ ಹೊತ್ತಿನಲ್ಲೇ ಉಸಿರೆಳೆಯಲು ಕಷ್ಟಪಡತೊಡಗಿದ. ನಾನು ದಡ್ಡಿ, ನಿಂಬೆಹಣ್ಣಿನ ಶರಬತ್ತು ಮಾಡಲು ಹೊರಟೆ. ನಮ್ಮವರು ಮಗುವನ್ನು ಎತ್ತಿಕೊಂಡು ಆಟೋದಲ್ಲಿ ಆಸ್ಪತ್ರೆಗೆ ಓಡಿದರು. ಇಂಜೆಕ್ಷನ್ ಕೊಟ್ಟ ಮೇಲೆ ಉಸಿರಾಟ ಸರಿಹೋಯಿತು. ಅವನ ಅಮ್ಮ ನಮ್ಮನ್ನು ಒಂದು ಮಾತೂ ಬೈಯಲಿಲ್ಲ. ಕಡಲೆಕಾಯಿ ಅವನಿಗೆ ಆಗುವುದಿಲ್ಲವೆಂದು ಅವರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಆ ಆಟೋದ ಶಬ್ದ ಇವತ್ತಿಗೂ ಕಿವಿಯಲ್ಲಿದೆ.

ತಾಯಂದಿರೇ, ತಂದೆಯರೇ, ಇದನ್ನು ದಯವಿಟ್ಟು ನೆನಪಿಡಿ. ಏನಾದರೂ ತಿಂದ ಕೂಡಲೇ ಮಗುವಿನ ತುಟಿ, ಮುಖ ಊದಿಕೊಂಡರೆ, ದದ್ದು ಎದ್ದರೆ, ಧ್ವನಿ ಕಟ್ಟಿದರೆ, ಉಸಿರಾಡಲು ಕಷ್ಟವಾದರೆ ಮನೆಮದ್ದು ಹುಡುಕುತ್ತ ಕೂರಬೇಡಿ. ಆಸ್ಪತ್ರೆಗೆ ಹೋಗಿ. ಇಂಥ ಹೊತ್ತಿನಲ್ಲಿ ಜೀವ ಉಳಿಸುವುದು ಅಡ್ರಿನಲಿನ್ ಇಂಜೆಕ್ಷನ್, ಅದು ತಡವಾಗಬಾರದು.

ಸರಿ, ಉತ್ತರಗಳು ಬಂದವು. ಒಬ್ಬಳ ಮನೆಯಲ್ಲಿ ಈರುಳ್ಳಿ ಬೆಳ್ಳುಳ್ಳಿ ಮುಟ್ಟುವುದಿಲ್ಲ. ಒಬ್ಬನಿಗೆ ಹಾಲು ಕುಡಿದರೆ ಹೊಟ್ಟೆ ನೋವು. ಇನ್ನೊಬ್ಬ ಮಹಾಶಯ ತನಗೆ ಹಾಗಲಕಾಯಿ ಆಗುವುದಿಲ್ಲವೆಂದು ಬರೆದು ಕಳಿಸಿದ್ದ. ಹದಿನಾಲ್ಕು ಮಂದಿಯದು ಹೀಗೆ ಮುಗಿಯಿತು. ಹದಿನೈದನೆಯವನು ಏನೂ ಹೇಳಿರಲಿಲ್ಲ. ಶುಕ್ರವಾರ ಸಂಜೆ ಅವನ ತಾಯಿಯ ಫೋನು ಬಂತು. "ಅವನು ಹೇಳಿಕೊಳ್ಳಲ್ಲ, ಹೇಳಿದ್ರೆ ಯಾರೂ ಕರೆಯಲ್ಲ ಅನ್ನೋ ಭಯ. ಕಡಲೆಕಾಯಿ ಅವನಿಗೆ ಆಗಲ್ಲ. ನಾನು ಡಬ್ಬಿ ಕಟ್ಟಿ ಕಳಿಸ್ಲಾ?"

ಬೇಡ ಎಂದೆ. ಹೇಳುವಾಗ ಧೈರ್ಯವಾಗಿ ಹೇಳಿದೆ, ಫೋನಿಟ್ಟ ಮೇಲೆ ಅಡಿಗೆಮನೆ ನೋಡಿ ಎದೆ ಝಲ್ಲೆಂದಿತು. ನಮ್ಮ ಮನೆಯಲ್ಲಿ ಒಗ್ಗರಣೆಗೆ ಕಡಲೆಕಾಯಿ ಎಣ್ಣೆ. ಚಟ್ನಿಪುಡಿಯಲ್ಲಿ ಕಡಲೆಕಾಯಿ. ಮಿಕ್ಸಿಯ ಚಿಕ್ಕ ಜಾರಿನಲ್ಲಿ ಅವತ್ತು ಬೆಳಿಗ್ಗೆ ಅರೆದದ್ದು ಕಡಲೆಕಾಯಿ ಪುಡಿಯೇ. ಅಷ್ಟೇ ಅಲ್ಲ, ನನ್ನ ತವರಿನಿಂದ ಬಂದ ಎರಕದ ಕಬ್ಬಿಣದ ಪಡ್ಡಿನ ಹಂಚು ವರ್ಷಾನುಗಟ್ಟಲೆ ಕಡಲೆಕಾಯಿ ಎಣ್ಣೆ ಕುಡಿದೇ ಪಳಗಿದ್ದು. ಆ ಹಂಚನ್ನು ಎಷ್ಟು ಉಜ್ಜಿದರೆ ನಂಬಬಹುದು? ನನಗಂತೂ ಧೈರ್ಯ ಬರಲಿಲ್ಲ. ಮಹಡಿ ಮನೆಯವರದು ತೆಂಗಿನೆಣ್ಣೆಯ ಅಡಿಗೆ. ಅವರ ಹನ್ನೆರಡು ಗುಳಿಯ ಕಾವಲಿ ಕೇಳಿ ತಂದೆ, ಜೊತೆಗೆ ಅವರ ಮಿಕ್ಸಿ ಜಾರನ್ನೂ. ಹೊಸ ಸೂರ್ಯಕಾಂತಿ ಎಣ್ಣೆಯ ಪೊಟ್ಟಣ ಒಡೆದೆ. ಅಡಿಗೆ ಕಟ್ಟೆಯನ್ನು ಸೋಪು ಹಾಕಿ ತೊಳೆದೆ. ಚಟ್ನಿಗೆ ಹುರಿಗಡಲೆ ಹಾಕಬಹುದೇ ಎಂದು ಅವನ ತಾಯಿಗೆ ಮತ್ತೆ ಫೋನು ಮಾಡಿ ಕೇಳಿದೆ. ಕಡಲೆ, ಕಡಲೆಕಾಯಿ ಎರಡೂ ಬೇರೆ ಬೇರೆ ಕಾಳಾದರೂ ಕೆಲವರಿಗೆ ಎರಡೂ ಆಗದಿರಬಹುದು. ಅವನು ದಿನಾ ತಿನ್ನುತ್ತಾನೆ, ತೊಂದರೆಯಿಲ್ಲ ಎಂದರು.

ಹುಡುಗಿಯ ತಮ್ಮ ಮೂರನೇ ತರಗತಿ. ಅವನದೊಂದೇ ಬೇಡಿಕೆ, ಒಂದು ಪಡ್ಡಿನಲ್ಲಾದರೂ ಚಾಕೊಲೇಟ್ ಇರಬೇಕು. ನನಗೇನೂ ಅಡ್ಡಿಯಿರಲಿಲ್ಲ, ಅಂಗಡಿಯಿಂದ ತಂದದ್ದೂ ಆಯಿತು. ಪೊಟ್ಟಣದ ಹಿಂಭಾಗ ಓದು ಎಂದು ಅಕ್ಕನ ಕೈಗೆ ಕೊಟ್ಟೆ. ಹಾಲು ಇದೆ, ಕಡಲೆಕಾಯಿಯ ಅಂಶ ಇರಬಹುದು ಎಂದು ಇರುವೆ ಗಾತ್ರದ ಅಕ್ಷರದಲ್ಲಿ ಅಚ್ಚಾಗಿತ್ತು. ಅಲರ್ಜಿ ತರುವ ಪದಾರ್ಥಗಳನ್ನು ಪೊಟ್ಟಣದ ಮೇಲೆ ನಮೂದಿಸಬೇಕೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಗಳು ಹೇಳುತ್ತವೆ. ಓದುವವರು ಬೇಕಷ್ಟೆ. ತಮ್ಮ ಆ ಚಾಕೊಲೇಟನ್ನು ಅಲ್ಲೇ, ಆಗಲೇ, ಒಬ್ಬನೇ ತಿಂದು ಮುಗಿಸಿ ಸಮಸ್ಯೆ ಬಗೆಹರಿಸಿದ.

ಈಗ ಮಾಡುವ ಕ್ರಮ. ಹಿಟ್ಟಿನ ಅಳತೆ ಹದಿನೈದು ಮಕ್ಕಳಿಗೆ ಹೇಳುತ್ತಿದ್ದೇನೆ. ದೋಸೆ ಅಕ್ಕಿ 3 ಲೋಟ, ಉದ್ದಿನಬೇಳೆ 1 ಲೋಟ, ದಪ್ಪ ಅವಲಕ್ಕಿ ಅರ್ಧ ಲೋಟ, ಮೆಂತ್ಯ 1 ಚಮಚ. ಅಕ್ಕಿಯನ್ನು ಬೇರೆ, ಬೇಳೆ ಮೆಂತ್ಯವನ್ನು ಬೇರೆ, ನಾಲ್ಕೈದು ಗಂಟೆ ನೆನೆಹಾಕಿ. ಅವಲಕ್ಕಿಗೆ ಅರ್ಧ ಗಂಟೆ ಸಾಕು. ಉದ್ದನ್ನು ಬೆಣ್ಣೆಯಂತೆ ರುಬ್ಬಿ, ಅಕ್ಕಿಯನ್ನು ಸಣ್ಣ ರವೆಯ ಹದಕ್ಕೆ ರುಬ್ಬಿ. ಎರಡನ್ನೂ ಕೈಯಲ್ಲೇ ಕಲಸಿ ದೊಡ್ಡ ಪಾತ್ರೆಯಲ್ಲಿ ಮುಚ್ಚಿಡಿ. ಹಿಟ್ಟು ಇಡ್ಲಿಯದಕ್ಕಿಂತ ತುಸು ತೆಳ್ಳಗೆ, ದೋಸೆಯದಕ್ಕಿಂತ ಗಟ್ಟಿ ಇರಲಿ. ನೀರು ಹೆಚ್ಚಾದರೆ ಒಳಗಿಟ್ಟ ಗುಟ್ಟು ತಳ ಸೇರಿ ರಟ್ಟಾಗುತ್ತದೆ.

ವಿದ್ಯಾರ್ಥಿಗಳಿಗೆ ಇಲ್ಲೊಂದು ಕೆಲಸವಿದೆ. ಹಿಟ್ಟು ಕಲಸಿದ ಮೇಲೆ ಎರಡು ಗಾಜಿನ ಲೋಟಗಳಲ್ಲಿ ಅರ್ಧರ್ಧ ಹಿಟ್ಟು ಹಾಕಿ, ಹಿಟ್ಟಿನ ಮಟ್ಟಕ್ಕೆ ಸರಿಯಾಗಿ ಹೊರಗಿನಿಂದ ರಬ್ಬರ್ ಬ್ಯಾಂಡ್ ಸಿಕ್ಕಿಸಿ. ಒಂದನ್ನು ಫ್ರಿಜ್ಜಿನಲ್ಲಿ, ಇನ್ನೊಂದನ್ನು ಒಲೆಯ ಹತ್ತಿರದ ಬೆಚ್ಚಗಿನ ಮೂಲೆಯಲ್ಲಿಡಿ. ಬೆಳಿಗ್ಗೆ ಎದ್ದು ನೋಡಿ. ಬೆಚ್ಚಗಿನದು ಉಬ್ಬಿ ಗೆರೆ ದಾಟಿರುತ್ತದೆ, ಫ್ರಿಜ್ಜಿನದು ಇದ್ದಲ್ಲೇ ಇರುತ್ತದೆ. ಅಕ್ಕಿ ಬೇಳೆಗಳ ಜೊತೆಯಲ್ಲೇ ಬರುವ ಲ್ಯೂಕೊನೊಸ್ಟಾಕ್ ಮುಂತಾದ ಬ್ಯಾಕ್ಟೀರಿಯಾಗಳು ಹಿಟ್ಟಿನ ಸಕ್ಕರೆ ಅಂಶವನ್ನು ತಿಂದು ಆಮ್ಲವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತವೆ. ಹುಳಿ ಬರುವುದು ಆಮ್ಲದಿಂದ, ಉಬ್ಬುವುದು ಅನಿಲದಿಂದ. ಆ ಅನಿಲ ಹಾರಿಹೋಗದಂತೆ ಹಿಡಿದಿಡುವುದು ಉದ್ದಿನ ಲೋಳೆ. ಬರೀ ಅಕ್ಕಿ ಹಿಟ್ಟು ಹುಳಿಯಾದೀತೇ ಹೊರತು ಇಷ್ಟು ಉಬ್ಬುವುದಿಲ್ಲ. 30 ಡಿಗ್ರಿಯ ಆಸುಪಾಸಿನ ಬಿಸಿ ಈ ಜೀವಿಗಳಿಗೆ ಹಿತ. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ರಾತ್ರಿಯಷ್ಟೇ ಸಾಲದು, ಮರುದಿನ ಮಧ್ಯಾಹ್ನದವರೆಗೂ ಕಾಯಬೇಕಾದೀತು. ಹುಟ್ಟಿದ ಹಬ್ಬ ಚಳಿಗಾಲದಲ್ಲಿ ಬಂದರೆ ಇದನ್ನು ಲೆಕ್ಕದಲ್ಲಿಡಿ.

ಹೂರಣಗಳ ವಿಷಯದಲ್ಲಿ ಒಂದೇ ಒಂದು ಗುಟ್ಟು: ನೀರು ಇರಕೂಡದು. ಆಲೂಗಡ್ಡೆ ನಾಲ್ಕು ಬೇಯಿಸಿ, ನುಣ್ಣಗೆ ಕಿವುಚಿ, ಶುಂಠಿ, ಒಂದೇ ಒಂದು ಹಸಿಮೆಣಸಿನಕಾಯಿ, ಅರಿಸಿನ, ಉಪ್ಪು, ನಿಂಬೆರಸ ಬೆರೆಸಿ. ಈರುಳ್ಳಿ ಹಾಕಲಿಲ್ಲ, ಹಾಕದ್ದು ಯಾರಿಗೂ ಗೊತ್ತಾಗಲೂ ಇಲ್ಲ. ಕ್ಯಾರೆಟ್ ತುರಿದು ಬಾಣಲೆಯಲ್ಲಿ ಬಾಡಿಸಿ, ಎರಡು ಚಮಚ ಹುರಿಗಡಲೆ ಪುಡಿ ಸೇರಿಸಿ. ಪುಡಿ ನೀರು ಕುಡಿದು ಉಂಡೆ ಕಟ್ಟಲು ಬರುತ್ತದೆ. ಸಿಹಿಗೆ ಒಂದು ತೆಂಗಿನಕಾಯಿಯ ತುರಿ, ಮುಕ್ಕಾಲು ಲೋಟ ಬೆಲ್ಲದ ಪುಡಿ, ಏಲಕ್ಕಿ. ಬಾಣಲೆಯ ತಳ ಬಿಡುವವರೆಗೆ ಕೆದಕಿ. ಮೂರನ್ನೂ ಗೋಲಿ ಗಾತ್ರದ ಉಂಡೆ ಕಟ್ಟಿಡಿ. ಇದು ಪೂರ್ತಿಯಾಗಿ ಮಕ್ಕಳ ಕೆಲಸ. ಕೈ ತೊಳೆಸಿ ಕೂರಿಸಿಬಿಡಿ, ಮೂರನೇ ತರಗತಿಯವನೂ ಮಾಡುತ್ತಾನೆ. ಉಂಡೆಯ ಲೆಕ್ಕ ಮಾತ್ರ ನೀವು ಇಟ್ಟುಕೊಳ್ಳಿ, ಕಾಯಿ-ಬೆಲ್ಲದ್ದು ಎಣಿಸಿದಷ್ಟೂ ಕಡಿಮೆಯಾಗುತ್ತಿರುತ್ತದೆ.

ಬೇಯಿಸುವ ಮೊದಲು ಹಿಟ್ಟಿಗೆ ಉಪ್ಪು ಹಾಕಿ ಮೆಲ್ಲಗೆ ತಿರುವಿ. ಕಾವಲಿ ಕಾದ ಮೇಲೆ ಉರಿ ಸಣ್ಣದು ಮಾಡಿ, ಗುಳಿಗೆ ಅರ್ಧ ಚಮಚ ಎಣ್ಣೆ ಬಿಟ್ಟು, ಗುಳಿಯ ಅರ್ಧಕ್ಕಿಂತ ಕಡಿಮೆ ಹಿಟ್ಟು ಹಾಕಿ. ಮೇಲೆ ಉಂಡೆ ಇಟ್ಟು, ಅದು ಮುಚ್ಚುವಷ್ಟು ಮತ್ತೆ ಹಿಟ್ಟು. ಮುಚ್ಚಳ ಹಾಕಿ ಮೂರು ನಿಮಿಷ. ಅಂಚು ಬಿಟ್ಟುಕೊಂಡಾಗ ಚಮಚದ ಹಿಡಿಯಿಂದ ತಿರುಗಿಸಿ ಇನ್ನೆರಡು ನಿಮಿಷ. ಹಿಟ್ಟು ತುಂಬಿ ತುಳುಕಿದರೆ ಉಂಡೆಯ ಬದಲು ಟೋಪಿ ಹಾಕಿಕೊಂಡ ಪಡ್ಡು ಸಿಗುತ್ತದೆ. ಮೊದಲು ಖಾರದ್ದನ್ನು ಮಾಡಿ, ಕಾಯಿ-ಬೆಲ್ಲದ್ದನ್ನು ಕೊನೆಗಿಡಿ. ಬೆಲ್ಲ ಎಲ್ಲಿಯಾದರೂ ಒಸರಿದರೆ ಗುಳಿಗೆ ಅಂಟಿ ಕಪ್ಪಾಗುತ್ತದೆ, ಆಮೇಲಿನ ಎಲ್ಲ ಪಡ್ಡುಗಳೂ ಅಲ್ಲೇ ಕಚ್ಚಿಕೊಳ್ಳುತ್ತವೆ, ಕಹಿಯೂ ಆಗುತ್ತವೆ.

ಈ ಅಳತೆಗೆ ಎಪ್ಪತ್ತೈದರಿಂದ ಎಂಬತ್ತು ಪಡ್ಡು ಆಗುತ್ತವೆ. ಹನ್ನೆರಡು ಗುಳಿಯ ಹಂಚಾದರೆ ಏಳು ಸಲ, ಒಂದೊಂದಕ್ಕೆ ಆರು ನಿಮಿಷ, ಒಟ್ಟು ಮುಕ್ಕಾಲು ಗಂಟೆ. ಏಳು ಗುಳಿಯ ಹಂಚು ಮಾತ್ರ ಇದ್ದರೆ ಮಕ್ಕಳು ಹಸಿದು ಗಲಾಟೆ ಮಾಡುತ್ತಾರೆ, ಪಕ್ಕದ ಮನೆಯದನ್ನೂ ಕೇಳಿಕೊಂಡು ಬನ್ನಿ. ಕಾಯಿ ಚಟ್ನಿಯನ್ನು ಕೊನೆಯ ಗಳಿಗೆಯಲ್ಲಿ ಅರೆಯಿರಿ. ಬೇಸಿಗೆಯಲ್ಲಿ ಬೆಳಿಗ್ಗೆ ಅರೆದ ಚಟ್ನಿ ಸಂಜೆಗೆ ಹಳಸಿರುತ್ತದೆ.

ಒಲೆಯ ಹತ್ತಿರ ಯಾರಿರಬೇಕೆಂಬುದನ್ನು ಮೊದಲೇ ತೀರ್ಮಾನಿಸಿ. ಆರನೇ ತರಗತಿಯ ಹುಡುಗಿಗೆ ನಾನು ಪಕ್ಕದಲ್ಲಿ ನಿಂತುಕೊಂಡು ಪಡ್ಡು ತಿರುಗಿಸಲು ಕೊಟ್ಟೆ. ಫಳಫಳ ಹೊಳೆಯುವ ನೈಲಾನ್ ಫ್ರಾಕು ಬಿಚ್ಚಿಸಿ, ಹತ್ತಿಯ ಬಟ್ಟೆ ಹಾಕಿಸಿ, ಜಡೆ ಮೇಲೆ ಕಟ್ಟಿಸಿದ ಮೇಲೆ. ಚಿಕ್ಕವರಿಗೆ ಒಲೆಯ ಹತ್ತಿರ ಪ್ರವೇಶವಿಲ್ಲ. ಅಕಸ್ಮಾತ್ ಕೈ ಸುಟ್ಟರೆ ನಲ್ಲಿಯ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ. ಟೂತ್‌ಪೇಸ್ಟು, ಇಂಕು, ತುಪ್ಪ ಯಾವುದನ್ನೂ ಬಳಿಯಬೇಡಿ. ಬರುವವರಲ್ಲಿ ತೀರಾ ಚಿಕ್ಕ ಮಕ್ಕಳಿದ್ದರೆ ಪಡ್ಡನ್ನು ಬಿಡಿಸಿ, ಆರಿಸಿ ಕೊಡಿ. ಹೊರಗೆ ತಣ್ಣಗಿದ್ದರೂ ಒಳಗಿನ ಬೆಲ್ಲ ಕೆಂಡದಂತಿರುತ್ತದೆ.

ಇಷ್ಟೆಲ್ಲ ಹೇಳುವ ನನ್ನ ಮೊದಲ ಸುತ್ತು ಏನಾಯಿತು ಗೊತ್ತೆ? ಹನ್ನೆರಡರಲ್ಲಿ ಏಳು ಕಾವಲಿಗೇ ಅಂಟಿಕೊಂಡವು. ಮಹಡಿ ಮನೆಯವರು ಕಾವಲಿ ಬಳಸಿ ಬಹಳ ದಿನವಾಗಿತ್ತಂತೆ. ಹೊರಗೆ ಮಕ್ಕಳ ಚಪ್ಪಲಿಗಳ ಸಾಲು ಬೆಳೆಯುತ್ತಿತ್ತು. ಹುಡುಗಿಯ ಕಣ್ಣಲ್ಲಿ ನೀರು. "ಹೇಳ್ಲಿಲ್ವಾ ಅಜ್ಜಿ, ಬೇಡ ಅಂತ." ಕಾವಲಿ ಇಳಿಸಿ, ಅಂಟಿದ್ದನ್ನೆಲ್ಲ ಕೆರೆದು, ಮತ್ತೆ ಕಾಯಿಸಿ, ಪ್ರತಿ ಗುಳಿಗೂ ಎಣ್ಣೆ ಸವರಿ ಹೊಗೆಯಾಡುವವರೆಗೆ ಬಿಟ್ಟು, ಆರಿಸಿ, ಪುನಃ ಎಣ್ಣೆ ಸವರಿದೆ. (ಇದು ಕಬ್ಬಿಣದ ಹಂಚಿಗೆ ಮಾತ್ರ. ನಾನ್‌ಸ್ಟಿಕ್ ಹಂಚನ್ನು ಹಾಗೆ ಬರಿದೆ ಕಾಯಿಸಬಾರದು.) ಎರಡನೇ ಸುತ್ತಿನಲ್ಲಿ ಹನ್ನೆರಡೂ ಬಿಟ್ಟುಕೊಂಡವು. ಮೊದಲ ಸುತ್ತಿನ ಚೂರುಗಳು ಎಲ್ಲಿ ಹೋದವೆಂದು ಅವಳ ತಮ್ಮನನ್ನು ಕೇಳಬೇಕು.

ಪಡ್ಡುಗಳನ್ನು ದೊಡ್ಡ ತಟ್ಟೆಯಲ್ಲಿ ಗುಡ್ಡದಂತೆ ಪೇರಿಸಿ ನೆತ್ತಿಯ ಮೇಲೊಂದು ಮೇಣದ ಬತ್ತಿ ಸಿಕ್ಕಿಸಿದೆವು. ಕೇಕಿನ ಮೇಲೆ ನನಗೇನೂ ದ್ವೇಷವಿಲ್ಲ, ಇದ್ದಿದ್ದರೆ ನಾನೂ ಒಂದು ತುಂಡು ತಿನ್ನುತ್ತಿದ್ದೆ. ಕೇಕೆಲ್ಲಿ ಎಂದು ಒಬ್ಬ ಕೇಳಿಯೂ ಕೇಳಿದ. ಅಷ್ಟರಲ್ಲಿ ಊಹಿಸುವ ಆಟ ಶುರುವಾಗಿತ್ತು, ಅವನಿಗೆ ಉತ್ತರ ಕೊಡಲು ಯಾರಿಗೂ ಪುರಸೊತ್ತಿರಲಿಲ್ಲ. "ಆಲೂ!" "ಅಲ್ಲ, ಕ್ಯಾರೆಟ್ಟು!" ತಪ್ಪಿದವರು ಮತ್ತೊಂದು ತಿನ್ನಬೇಕು, ಸರಿಯಾದವರಿಗೂ ಬಹುಮಾನ ಮತ್ತೊಂದು ಪಡ್ಡು. ನಿಯಮ ಮಾಡಿದವರು ಮಕ್ಕಳೇ.

ಕಡಲೆಕಾಯಿ ಆಗದ ಹುಡುಗ ಗೋಡೆಗೆ ಒರಗಿ ನಿಂತಿದ್ದ. ಕೈಯಲ್ಲಿ ಮನೆಯಿಂದ ತಂದ ಬಿಸ್ಕತ್ತಿನ ಪೊಟ್ಟಣ. ಅವನ ಅಮ್ಮನಿಗೆ ನಾನು ಎಷ್ಟು ಹೇಳಿದರೂ ಮನಸ್ಸು ತಡೆದಿರಲಿಲ್ಲ, ಆಕೆಯದೇನೂ ತಪ್ಪಿಲ್ಲ. ಹುಡುಗಿ ಅವನ ಹತ್ತಿರ ಹೋಗಿ ಎಣ್ಣೆಯ ಖಾಲಿ ಪೊಟ್ಟಣ ತೋರಿಸಿದಳು. "ಓದು ಬೇಕಾದ್ರೆ. ಸೂರ್ಯಕಾಂತಿ. ಹಂಚೂ ನಮ್ದಲ್ಲ, ಮಹಡಿ ಮೇಲಿಂದ ತಂದಿದ್ದು. ಚಟ್ನಿಗೆ ಹುರಿಗಡಲೆ." ಅವನು ನಿಜವಾಗಿಯೂ ಪೊಟ್ಟಣವನ್ನು ತಿರುಗಿಸಿ ಓದಿದ. ಆಮೇಲೆ ಒಂದು ತೆಗೆದುಕೊಂಡ. ನಾನು ಉಸಿರು ಬಿಗಿಹಿಡಿದು ಅವನ ತುಟಿಗಳನ್ನೇ ನೋಡುತ್ತಿದ್ದೆ. ಆರು ಪಡ್ಡು ತಿಂದ. ಬಿಸ್ಕತ್ತಿನ ಪೊಟ್ಟಣ ಹೋಗುವಾಗ ನಮ್ಮ ಮನೆಯಲ್ಲೇ ಉಳಿಯಿತು.

ಹದಿನೈದು ಮಕ್ಕಳನ್ನು ಕರೆದಿದ್ದೆವು, ತಮ್ಮ ತಂಗಿಯರು ಸೇರಿ ಹದಿನೆಂಟು ಬಂದರು. ಹೂರಣದ ಉಂಡೆಗಳು ಮುಗಿದೇಹೋದವು. ಉಳಿದ ಹಿಟ್ಟನ್ನು ಬರಿದೇ ಹುಯ್ದು ಕೊನೆಯ ಹನ್ನೆರಡನ್ನು ತಟ್ಟೆಗೆ ಹಾಕಿದೆ. ಒಬ್ಬ ಕಚ್ಚಿ ನೋಡಿ, "ಏ, ಇದರೊಳಗೆ ಏನೂ ಇಲ್ಲ" ಎಂದು ದೂರಿದ. "ಏನೂ ಇಲ್ದಿರೋದೇ ಗುಟ್ಟು, ನೀನು ಸೋತೆ" ಎಂದಳು ಹುಟ್ಟಿದ ಹಬ್ಬದ ಹುಡುಗಿ. ಅದೂ ಆಟದಲ್ಲಿ ಸೇರಿಹೋಯಿತು.

ಅವಳ ಅಮ್ಮ ಅವತ್ತು ಅರ್ಧ ದಿನ ರಜ ಹಾಕಿ ಬಂದಿದ್ದರು. ರಾತ್ರಿ ಪಾತ್ರೆ ತೊಳೆಯುತ್ತ ಲೆಕ್ಕ ಹಾಕಿದೆವು. ಅಕ್ಕಿ, ಬೇಳೆ, ಎಣ್ಣೆ, ತರಕಾರಿ, ಎರಡು ತೆಂಗಿನಕಾಯಿ, ಬೆಲ್ಲ, ನಿಂಬೆಹಣ್ಣಿನ ಪಾನಕ, ಒಂದು ಮೇಣದ ಬತ್ತಿ ಎಲ್ಲ ಸೇರಿ ಐದುನೂರು ದಾಟಿರಲಿಲ್ಲ. ನಮ್ಮ ಕೈಗೆಲಸವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಅನ್ನಿ, ಸೊಂಟ ನೋವು ಮೂರು ದಿನ ಇತ್ತು.

ಸೋಮವಾರ ಸಂಜೆ ಮೆಟ್ಟಿಲ ಮೇಲೆ ಹೋಂವರ್ಕ್ ಮಾಡುತ್ತ ಅವಳು ತಲೆಯೆತ್ತಿ, "ಅಜ್ಜಿ, ಆ ಹಾಗಲಕಾಯಿ ಹುಡುಗನದು ಮುಂದಿನ ವಾರ ಬರ್ತ್‌ಡೇ ಅಂತೆ. ಅವರಮ್ಮ ಹಂಚು ಕೇಳಿದ್ರು, ಕೊಟ್ಟುಬಿಟ್ಟೆ" ಎಂದಳು. ಯಾವ ಹಂಚು ಎಂದೆ. ಮಹಡಿ ಮನೆಯವರದು. ಅಲ್ಲಿಂದ ಅದು ಇನ್ನೊಂದು ಮನೆಗೆ ಹೋಗಿದೆಯೆಂದು ನಿನ್ನೆ ತಿಳಿಯಿತು. ಮಹಡಿ ಮನೆಯವರು ಬೆಳಿಗ್ಗೆ ನೀರು ಹಿಡಿಯುವಾಗ, "ನಾಳೆ ಗುಳಿಯಪ್ಪ ಮಾಡುವ ಅಂತ ಅಕ್ಕಿ ನೆನೆಹಾಕಿದ್ದೇನೆ, ಕಾವಲಿ ಒಂದು ಕಳಿಸಿಕೊಡಿ" ಎಂದಿದ್ದಾರೆ. ಸದ್ಯಕ್ಕೆ ನಮ್ಮ ತವರಿನ ಹಂಚನ್ನೇ ತೊಳೆದು ಕಳಿಸಿದ್ದೇನೆ.